ನಾನೂರ ಮೂರು ದಿನದ ಕಲ್ಲು

ನಕ್ಷತ್ರ ನೋಡುವ ಕೆಲಸ ಅಂದುಕೊಂಡು ಈ ನೌಕರಿಗೆ ಬರುವವರು ದಯವಿಟ್ಟು ಈಗಲೇ ವಾಪಸ್ ಹೋಗಿ. ಮೂವತ್ತಮೂರು ವರ್ಷ ನಾನು ವೀಕ್ಷಣಾಲಯದ ಸಂಬಳ ತಿಂದಿದ್ದೇನೆ. ದುರ್ಬೀನಿಗೆ ಕಣ್ಣಿಟ್ಟ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ವಾರ ಆಗಲಿಕ್ಕಿಲ್ಲ. ನಾನು ಹಗಲಿನ ಮನುಷ್ಯ. ರಾತ್ರಿ ಬೇರೆಯವರು ತೆಗೆದ ಚಿತ್ರಗಳನ್ನು ಬೆಳಿಗ್ಗೆ ಮೇಜಿನ ಮೇಲೆ ಇಟ್ಟುಕೊಂಡು, ಅಷ್ಟೊಂದು ನಕ್ಷತ್ರಗಳ ನಡುವೆ ಜಾಗ ಬದಲಿಸಿದ ಚುಕ್ಕೆ ಯಾವುದು ಎಂದು ಹುಡುಕುವುದು, ಅದರ ಸ್ಥಾನ ಅಳೆಯುವುದು, ಅದು ಸೂರ್ಯನನ್ನು ಯಾವ ದಾರಿಯಲ್ಲಿ ಸುತ್ತುತ್ತಿದೆ ಎಂದು ಲೆಕ್ಕ ಹಾಕುವುದು, ಇದಿಷ್ಟೇ ನನ್ನ ಕೆಲಸ. ಪುಸ್ತಕಗಳಲ್ಲಿ ಅವುಗಳನ್ನು ಕ್ಷುದ್ರಗ್ರಹ ಎನ್ನುತ್ತಾರೆ. ನಮ್ಮಲ್ಲಿ ಎಲ್ಲರೂ ಕಲ್ಲು ಎನ್ನುತ್ತಿದ್ದರು.

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಕ್ಯಾಲನೂರಿನ ನನ್ನ ಮನೆಗೆ ಬಂದು, ನಿಮ್ಮ ಅನುಭವ ಬರೆದುಕೊಡಿ ಸಾರ್, ನಮಗೆ ಉಪಯೋಗ ಆಗುತ್ತೆ ಅಂದರು. ಬಡ್ತಿ, ಶಾಲು, ಹಾರ ಇವೆಲ್ಲ ಬಿಡುತ್ತೇನೆ. ಅವುಗಳಿಂದ ಯಾರಿಗೂ ಉಪಯೋಗವಿಲ್ಲ. ನಾನು ಬರೆಯಬೇಕಾದದ್ದು ಒಂದೇ ಒಂದು ಕಲ್ಲಿನ ವಿಷಯ, ಮತ್ತು ಆ ಕಲ್ಲಿನ ದೆಸೆಯಿಂದ ನಾನು ಒಬ್ಬ ಮನುಷ್ಯನ ಬದುಕು ಕೆಡಿಸಿದ ವಿಷಯ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಸುತ್ತು ಹಾಕಬೇಕಾಗುತ್ತದೆ.

ನಮ್ಮ ವೀಕ್ಷಣಾಲಯ ಇದ್ದದ್ದು ಆವನಿಯಿಂದ ಆಚೆಗೆ, ಒಂದು ಬೋಳು ಬಂಡೆ ಬೆಟ್ಟದ ಮೇಲೆ. ಕೆಲಸಕ್ಕೆ ಆರಿಸುವಾಗ ಸೀತಾಪತಿ ಸಾರ್ ಅಂತ ಮುಖ್ಯಸ್ಥರು ನನ್ನ ಮುಂದೆ ಒಂದು ಮಾಲೂರು ಹೆಂಚು, ಒಂದು ಅಳತೆಪಟ್ಟಿ ಇಟ್ಟು, ಇದರ ಉದ್ದ ಹತ್ತು ಸಲ ಅಳೆದು ಬರಿ ಅಂದರು. ನಾನು ಹತ್ತು ಸಲವೂ ಒಂದೇ ಅಂಕಿ ಬರೆದುಕೊಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, "ಒಂದ್ಸಲ ಅಳ್ದು ಒಂಬತ್ತು ಸಲ ಸುಳ್ಳು ಬರ್ದಿದೀಯ ಕಣೋ" ಅಂದರು. ನಿಜವಾಗಿ ಅಳೆದರೆ ಪ್ರತಿ ಸಲವೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಚೀಲ ಎತ್ತಿಕೊಂಡು ಹೊರಡಲು ಎದ್ದೆ. "ಕೂತ್ಕೋ. ಸಿಕ್ಕಿಬಿದ್ದಿದೀಯಲ್ಲ, ಇನ್ಮೇಲೆ ಸರಿಯಾಗಿ ಅಳೀತೀಯ" ಅಂದರು. ಅವರ ಲೆಕ್ಕ ತಪ್ಪಾಗಿದ್ದು ಅದೊಂದು ಸಲ ಮಾತ್ರ ಅಂತ ಈಗ ಅನ್ನಿಸುತ್ತದೆ.

ಆಗ ಫೋಟೋ ತೆಗೆಯುತ್ತಿದ್ದದ್ದು ಗಾಜಿನ ಫಲಕಗಳ ಮೇಲೆ. ಒಂದೇ ಜಾಗದ ಎರಡು ಫಲಕಗಳನ್ನು ಒಂದು ಯಂತ್ರಕ್ಕೆ ಸಿಕ್ಕಿಸಿ, ಒಂದಾದ ಮೇಲೊಂದು ಮಿಟುಕಿಸಿ ನೋಡಬೇಕು. ನಕ್ಷತ್ರಗಳು ಅಲುಗಾಡುವುದಿಲ್ಲ, ಕಲ್ಲು ಇದ್ದರೆ ಅತ್ತಿಂದಿತ್ತ ಕುಣಿಯುತ್ತದೆ. ಸೇರಿದ ಎರಡನೇ ವರ್ಷ ನನಗೆ ಒಂದು ಕಲ್ಲು ಕುಣಿಯಿತು. ಖುಷಿಯಲ್ಲಿ ಮೂರು ದಿನ ಊಟ ತಿಂಡಿ ಬಿಟ್ಟು ಅಳೆದೆ, ಲೆಕ್ಕ ಹಾಕಿದೆ, ದಾರಿಯ ಚಿತ್ರ ಬರೆದು ತೆಗೆದುಕೊಂಡು ಹೋದೆ. ಸೀತಾಪತಿ ಸಾರ್ ಎರಡೂ ಫಲಕಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು, ಉಗುರಿನಿಂದ ಕೆರೆದರು. ಎರಡರಲ್ಲೂ ಚುಕ್ಕೆ ಉದುರಿತು. ಮಾವಿನ ಕಾಲ, ಎಲ್ಲಿ ನೋಡಿದರೂ ಆ ಸಣ್ಣ ಜಿಗಿಹುಳ. "ಶ್ರೀನಿವಾಸಪುರದ ಮಾವಿನ ಹುಳ ಸೂರ್ಯನ್ನ ಸುತ್ತೋಕೆ ಎಷ್ಟು ವರ್ಷ ಬೇಕು ಅಂದೆ?" ಅಂತ ಕೇಳಿದರು. ವರ್ಷಾನುಗಟ್ಟಲೆ ನನ್ನನ್ನು ಹುಳದ ಮುನಿರಾಜು ಅಂತ ಕರೆಯುತ್ತಿದ್ದರು.

ಆವತ್ತು ಅವರು ಒಂದು ಮಾತು ಹೇಳಿದರು, ಅದೇ ನಮ್ಮ ಬೆಟ್ಟದ ಕಾನೂನು ಆಯಿತು. "ಒಂದ್ಸಲ ಕಂಡ್ರೆ ಕಂಡಿತು ಅಷ್ಟೆ. ದಾರಿ ಲೆಕ್ಕ ಹಾಕು, ಅದು ಹೋಗಿ ಒಂದು ಸುತ್ತು ಬರ್ಲಿ, ನೀನು ಹೇಳಿದ ಜಾಗದಲ್ಲಿ ಮತ್ತೆ ಸಿಕ್ಕಿದ್ರೆ ಮಾತ್ರ ಸಿಕ್ಕಿತು ಅನ್ನು." ಚಹಾ ಕೊಡುವವನ ಬಾಯಲ್ಲೂ ಈ ಮಾತು ಇರುತ್ತಿತ್ತು.

ಇನ್ನೊಂದು ಎಡವಟ್ಟು ಹೇಳುತ್ತೇನೆ, ಇದು ನಿಮಗೂ ಆಗುತ್ತದೆ. ಭೂಮಿಯ ಸಮೀಪ ಬರುವ ಕಲ್ಲು ಅಂತ ನಾವು ಹೇಳುವ ಮಾತಿನಲ್ಲಿ ಸಮೀಪ ಅಂದರೆ ಚಂದ್ರನ ದೂರದ ಹತ್ತರಷ್ಟು, ಇಪ್ಪತ್ತರಷ್ಟು. ಒಮ್ಮೆ ಅಂಥದೊಂದರ ವಿಷಯ ಪತ್ರಿಕೆಯವರ ಹತ್ತಿರ ಹೇಳಿಬಿಟ್ಟೆ. ಮರುದಿನ ಬೆಳಿಗ್ಗೆ ಕ್ಯಾಲನೂರು ಡೈರಿಯಲ್ಲಿ ಹಾಲಿನ ಕ್ಯಾನು ಹಿಡಿದು ನಿಂತವರೆಲ್ಲ ನನ್ನ ಕಡೆ ತಿರುಗಿದರು. ನಮ್ಮ ದೊಡ್ಡಮ್ಮ ತೆಲುಗಿನಲ್ಲಿ, "ಏಮಪ್ಪಾ, ಎಪ್ಪುಡು ಪಡ್ತುಂದಿ ಅದಿ?" ಅಂದಳು. ಬೀಳಲ್ಲ ದೊಡ್ಡಮ್ಮ, ತುಂಬಾ ದೂರ ಹೋಗುತ್ತೆ ಅಂದೆ. "ದೂರ ಹೋಗೋದನ್ನ ಯಾಕಪ್ಪಾ ಪೇಪರ್ನಲ್ಲಿ ಹಾಕಿಸ್ದೆ" ಅಂದಳು.

ಈಗ ಬಾಬಾಜಾನ್ ವಿಷಯ. ಮುಳಬಾಗಿಲಿನಲ್ಲಿ ಅವರ ಮನೆತನದವರು ಮೂರು ತಲೆಮಾರಿನಿಂದ ಗಡಿಯಾರ ರಿಪೇರಿ ಮಾಡುವವರು. ದುರ್ಬೀನು ಆಕಾಶದ ಜೊತೆಗೇ ನಿಧಾನವಾಗಿ ತಿರುಗಬೇಕಲ್ಲ, ಆ ತಿರುಗಿಸುವ ಗಡಿಯಾರ ಯಂತ್ರ ಒಮ್ಮೆ ಕೆಟ್ಟಿತು. ದೊಡ್ಡ ದೊಡ್ಡ ಊರಿನಿಂದ ಬಂದ ಮೆಕ್ಯಾನಿಕ್ಕುಗಳು ಕೈಚೆಲ್ಲಿದ ಮೇಲೆ, ಯಾರೋ ಹೇಳಿದರು ಅಂತ ಇವರನ್ನು ಕರೆಸಿದರು. ತೆಳ್ಳಗೆ, ಎತ್ತರಕ್ಕೆ, ಜೇಬಿನಲ್ಲಿ ಒಂದು ಚಿಮುಟ ಮಾತ್ರ ಇಟ್ಟುಕೊಂಡು ಬಂದರು. ಯಂತ್ರ ಬಿಚ್ಚಲಿಲ್ಲ. ಅದಕ್ಕೆ ಕಿವಿಯಿಟ್ಟು ಬಹಳ ಹೊತ್ತು ಕೂತರು. "ಮೂರನೇ ಚಕ್ರದಲ್ಲಿ ಒಂದು ಹಲ್ಲು ಸವೆದಿದೆ ಸಾರ್, ಸುತ್ತಿಗೊಂದ್ಸಲ ಉಸಿರು ಹಿಡೀತದೆ" ಅಂದರು. ಬಿಚ್ಚಿ ನೋಡಿದರೆ ಹಾಗೇ ಇತ್ತು. ಸೀತಾಪತಿ ಸಾರ್ ಅವರನ್ನು ದಿನಗೂಲಿಯ ಮೇಲೆ ಇಟ್ಟುಕೊಂಡರು, ಆಮೇಲೆ ರಾತ್ರಿ ಫೋಟೋ ತೆಗೆಯುವುದನ್ನೂ ಕಲಿಸಿದರು. ಹಗಲು ಸಂಜೆಯವರೆಗೆ ಮುಳಬಾಗಿಲಿನ ಅಂಗಡಿ, ರಾತ್ರಿ ಬೆಟ್ಟ. ಯಾವಾಗ ಮಲಗುತ್ತಿದ್ದರೋ ನಾನು ಕೇಳಲಿಲ್ಲ.

ಅವರಿಗೆ ಕೈಗಡಿಯಾರ ಬೇಕಿರಲಿಲ್ಲ. ಬಾಬಾಜಾನ್, ಟೈಮೆಷ್ಟು ಅಂದರೆ ಒಂದು ಕ್ಷಣ ತಲೆ ತಗ್ಗಿಸಿ ಹೇಳುತ್ತಿದ್ದರು. ನಾವು ಚೇಷ್ಟೆಗೆ ಗೋಡೆ ಗಡಿಯಾರ ತಿರುಗಿಸಿಟ್ಟು ಪರೀಕ್ಷೆ ಮಾಡಿದ್ದೇವೆ. ನಿಮಿಷವೂ ಆಚೀಚೆ ಆಗುತ್ತಿರಲಿಲ್ಲ. ಮುಳಬಾಗಿಲಿನ ಬಸ್ಸಿನವರು ಅವರ ಅಂಗಡಿ ಮುಂದೆ ನಿಧಾನ ಮಾಡಿ, ಕಿಟಕಿಯಿಂದಲೇ ಕೇಳಿಕೊಂಡು ಹೋಗುತ್ತಿದ್ದರು.

ನಮ್ಮ ಕೆಲಸದಲ್ಲಿ ವೇಳೆಯೇ ಎಲ್ಲ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಕಲ್ಲು ಓಡುತ್ತಿರುತ್ತದೆ. ಎಲ್ಲಿದೆ ಅಂದರೆ ಸಾಲದು, ಯಾವ ಕ್ಷಣದಲ್ಲಿ ಅಲ್ಲಿತ್ತು ಅನ್ನಬೇಕು. ಗಾಜಿನ ಫಲಕ ಹೋಗಿ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಒಂದೊಂದು ಚಿತ್ರಕ್ಕೂ ಎರಡು ನಿಮಿಷ ಅದರ ಬಾಗಿಲು ತೆರೆದಿಡುವುದು ರೂಢಿಯಾಯಿತು. ಆ ಎರಡು ನಿಮಿಷವೂ ಕಲ್ಲು ಚಲಿಸುತ್ತಿರುವುದರಿಂದ, ನಾವು ಅಳೆಯುವ ಜಾಗ ನಡುಮಧ್ಯದ ಕ್ಷಣದ್ದು. ರಾತ್ರಿಯವರು ಬಾಗಿಲು ತೆರೆದ ವೇಳೆ ಬರೆದಿಡುತ್ತಿದ್ದರು, ಬೆಳಿಗ್ಗೆ ನಾನು ಅದಕ್ಕೆ ಅರ್ಧ, ಅಂದರೆ ಒಂದು ನಿಮಿಷ, ಸೇರಿಸಿಕೊಳ್ಳುತ್ತಿದ್ದೆ. ಇದು ನಮ್ಮ ಬೆಟ್ಟದ ಪದ್ಧತಿ, ಎಲ್ಲೂ ಬರೆದಿಟ್ಟಿರಲಿಲ್ಲ. ದಾಖಲೆ ಪುಸ್ತಕದ ಕೊನೆಗೆ ಷರಾ ಅಂತ ಒಂದು ಅಂಕಣವಿತ್ತು. ಅಲ್ಲಿ ರಾತ್ರಿಯವರು 'ಹಾವು ಬಂತು', 'ಕರೆಂಟು ಹೋಯಿತು', 'ಸಕ್ಕರೆ ಮುಗಿದಿದೆ' ಅಂತ ಬರೆಯುತ್ತಿದ್ದರು. ನಾನು ಅದನ್ನು ಓದುವುದು ಬಿಟ್ಟು ಎಷ್ಟೋ ವರ್ಷ ಆಗಿತ್ತು.

ಸೀತಾಪತಿ ಸಾರ್ ನಿವೃತ್ತರಾಗಿ, ತೀರಿಕೊಂಡು, ಅವರ ಜಾಗಕ್ಕೆ ಬೇರೆಯವರು ಬಂದಿದ್ದರು. ಮುಂಗಾರಿಗೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಬಾಬಾಜಾನ್ ಮನೆಗೆ ಹೋಗದೆ ನನಗಾಗಿ ಕಾದು ಕೂತಿದ್ದರು. ಕಣ್ಣು ಕೆಂಪಾಗಿತ್ತು. "ನೋಡಿ ಸಾರ್, ಇದು ಯಾವ ಪಟ್ಟಿಯಲ್ಲೂ ಇಲ್ಲ" ಅಂದರು. ನೋಡಿದೆ. ಹುಳವಲ್ಲ. ಹೊಸ ಕಲ್ಲು. ಅವರು ಇಪ್ಪತ್ತು ವರ್ಷದಲ್ಲಿ ಕಂಡ ಮೊದಲ ಹೊಸ ಕಲ್ಲು, ನಮ್ಮ ಬೆಟ್ಟದ್ದೂ ಮೊದಲನೆಯದೇ.

ಮರುರಾತ್ರಿಯೂ ಸಿಕ್ಕಿತು. ಎರಡು ರಾತ್ರಿಯ ಚಿತ್ರಗಳಿಂದ ತಿಳಿದದ್ದು ಇಷ್ಟು. ಕಲ್ಲು ಚಿಕ್ಕದು. ಬಣ್ಣ ಕಪ್ಪಾದರೆ ಒಂದು ಕಲ್ಯಾಣ ಮಂಟಪದಷ್ಟು, ಬಿಳುಪಾದರೆ ಒಂದು ಲಾರಿಯಷ್ಟು. ದೂರದಿಂದ ಬೆಳಕು ಮಾತ್ರ ಕಾಣುವುದರಿಂದ ಅದಕ್ಕಿಂತ ಖಚಿತವಾಗಿ ಹೇಳಲಾಗುವುದಿಲ್ಲ. ಅದರ ಬೆಳಕು ಹನ್ನೊಂದು ನಿಮಿಷಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತಿತ್ತು. ಉದ್ದನೆಯ ಕಲ್ಲು ತನ್ನ ಸುತ್ತ ತಾನೇ ಉರುಳುತ್ತಿದ್ದರೆ ಹಾಗಾಗುತ್ತದೆ, ಅಗಲದ ಮೈ ಕಂಡಾಗ ಬೆಳಕು ಹೆಚ್ಚು, ತುದಿ ಕಂಡಾಗ ಕಡಿಮೆ. ಅಷ್ಟು ಜೋರಾಗಿ ಉರುಳಿಯೂ ಚೂರಾಗದೆ ಇರಬೇಕಾದರೆ ಪುಡಿಕಲ್ಲಿನ ಗುಡ್ಡೆಯಲ್ಲ, ಒಂದೇ ಗಟ್ಟಿ ಬಂಡೆ. ಬಾಬಾಜಾನ್ ಅದಕ್ಕೆ ಫಲ್ಲಿ ಅಂತ ಹೆಸರಿಟ್ಟರು. ಅವರ ಮನೆಮಾತಿನಲ್ಲಿ ಕಡ್ಲೆಕಾಯಿಗೆ ಹಾಗನ್ನುತ್ತಾರೆ.

ಅದರ ದಾರಿ ಹೆಚ್ಚುಕಡಿಮೆ ನಮ್ಮ ಭೂಮಿಯ ದಾರಿಯ ಹಾಗೇ ಇತ್ತು, ಸ್ವಲ್ಪ ದೊಡ್ಡದು, ಸ್ವಲ್ಪ ಓರೆ. ಇಂಥ ಕಲ್ಲುಗಳ ತೊಂದರೆ ಏನೆಂದರೆ, ಒಮ್ಮೆ ತಪ್ಪಿಸಿಕೊಂಡರೆ ಬಹಳ ವರ್ಷ ಕೈಗೆ ಸಿಗುವುದಿಲ್ಲ. ಆವನಿ ಗುಡಿಯಲ್ಲಿ ಇಬ್ಬರು ಪ್ರದಕ್ಷಿಣೆ ಹಾಕುತ್ತಿದ್ದಾರೆ ಅಂದುಕೊಳ್ಳಿ, ಒಬ್ಬರು ತುಸು ನಿಧಾನ. ಮುಂದಿನವರು ಒಂದಿಡೀ ಸುತ್ತು ಹೆಚ್ಚು ನಡೆದು ಮತ್ತೆ ಇವರ ಪಕ್ಕಕ್ಕೆ ಬರಬೇಕಾದರೆ ಎಷ್ಟೋ ಸುತ್ತು ಆಗಬೇಕು. ಭೂಮಿಗೆ ಒಂದು ಸುತ್ತಿಗೆ ಮುನ್ನೂರ ಅರವತ್ತೈದು ದಿನ. ಫಲ್ಲಿಗೆ ನಾನೂರು ದಿನದ ಸುಮಾರು. ಮತ್ತೆ ಪಕ್ಕಕ್ಕೆ ಬರಲು ಹನ್ನೊಂದು ವರ್ಷದ ಮೇಲೆ ಬೇಕು. ಆ ಸುಮಾರು ಎನ್ನುವುದೇ ಅಪಾಯ. ಸುತ್ತಿಗೆ ಎರಡು ಮೂರು ದಿನ ತಪ್ಪಿದರೆ ಮತ್ತೆ ಭೇಟಿಯಾಗುವುದು ಎಷ್ಟೋ ತಿಂಗಳು ಆಚೀಚೆ ಆಗುತ್ತದೆ. ಆದ್ದರಿಂದ ಸ್ವಲ್ಪ ದಿನ ಬಿಟ್ಟು ಇನ್ನೊಂದು ರಾತ್ರಿಯ ಚಿತ್ರ ಬೇಕೇ ಬೇಕಿತ್ತು.

ಮೋಡ ಮುಚ್ಚಿತು. ಐದು ದಿನ ಬಾಬಾಜಾನ್ ಬೆಟ್ಟ ಬಿಟ್ಟು ಇಳಿಯಲಿಲ್ಲ, ಅಂಗಡಿಗೂ ಹೋಗಲಿಲ್ಲ. ಐದನೆಯ ರಾತ್ರಿ ಒಂದು ಗಂಟೆ ಮೋಡ ಹರಿಯಿತು. ಬೆಳಿಗ್ಗೆ ನಾನು ಹೋದಾಗ ದಾಖಲೆ ಪುಸ್ತಕ ನನ್ನ ಮೇಜಿನ ಮೇಲಿತ್ತು, ಅವರು ವರಾಂಡದ ಬೆಂಚಿನ ಮೇಲೆ ನಿದ್ದೆ ಹೋಗಿದ್ದರು. ಅದೇ ದಿನದಿಂದ ಮಳೆ ಹಿಡಿದುಕೊಂಡಿತು. ಮೋಡ ಬಿಡುವ ಹೊತ್ತಿಗೆ ಕಲ್ಲು ನಮ್ಮ ಕಣ್ಣಿಗೆ ಎಟುಕದಷ್ಟು ದೂರ ಹೋಗಿತ್ತು. ಬೇರೆ ಯಾವ ದೇಶದವರಿಗೂ ಅದು ಸಿಗಲಿಲ್ಲ.

ಇನ್ನು ಮುಂದಿನದನ್ನು ನಿಧಾನವಾಗಿ ಓದಿ.

ಕಲ್ಲು ಮಂಕಾಗುತ್ತಿದ್ದರಿಂದ ಬಾಬಾಜಾನ್ ಆ ರಾತ್ರಿ ಎರಡು ನಿಮಿಷದ ಬದಲು ನಾಲ್ಕು ನಿಮಿಷ ಬಾಗಿಲು ತೆರೆದಿಟ್ಟಿದ್ದರು. ಅವಧಿಯ ಅಂಕಣದಲ್ಲಿ ನಾನು ಅದನ್ನು ನೋಡಿದೆ. ಒಂದು ನಿಮಿಷವಲ್ಲ, ಈ ಸಲ ಎರಡು ನಿಮಿಷ ಸೇರಿಸಬೇಕು ಎಂದು ಎಚ್ಚರ ವಹಿಸಿದೆ. ಎಷ್ಟು ಹುಷಾರು ನಾನು ಅಂತ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡದ್ದೂ ನೆನಪಿದೆ. ಲೆಕ್ಕ ಹಾಕಿದರೆ ಮೂರನೇ ರಾತ್ರಿಯ ಚುಕ್ಕೆಗಳು ಮೊದಲ ಎರಡರ ದಾರಿಗೆ ಕೂಡಲಿಲ್ಲ. ಮತ್ತೆ ಹಾಕಿದೆ, ಕೂಡಲಿಲ್ಲ. ಎಷ್ಟು ಸಲ ನೋಡಿದರೂ ವೇಳೆಯಲ್ಲೇ ಏನೋ ಎಡವಟ್ಟು ಇದ್ದ ಹಾಗೆ ಕಾಣುತ್ತಿತ್ತು. ಐದು ದಿನ ನಿದ್ದೆಯಿಲ್ಲದ ಮನುಷ್ಯ, ಒಂದು ಗಂಟೆಯ ಅವಸರ. ಬಾಬಾಜಾನ್ ವೇಳೆ ತಪ್ಪಾಗಿ ಬರೆದಿದ್ದಾರೆ ಎಂದು ತೀರ್ಮಾನಿಸಿ ಮೇಲಧಿಕಾರಿಗೆ ಹೇಳಿದೆ.

ಅಧಿಕಾರಿ ಅವರನ್ನು ಕರೆಸಿದರು. ನಾನೂ ಅಲ್ಲೇ ನಿಂತಿದ್ದೆ. "ಏನ್ರೀ, ಟೈಮ್ ಬರಿಯೋಕೂ ಬರಲ್ವಾ? ಗಡಿಯಾರ ರಿಪೇರಿಯೋರು ಅಂತಾರೆ." ಬಾಬಾಜಾನ್ ನನ್ನ ಮುಖ ನೋಡಿದರು. "ಲೆಕ್ಕದಲ್ಲಿ ಹಂಗೆ ಬಂತಾ ಮುನಿರಾಜು ಸಾರ್?" ಅಂದರು. ಹೌದು ಅಂತ ತಲೆ ಆಡಿಸಿದೆ. "ಲೆಕ್ಕ ಸುಳ್ಳು ಹೇಳಲ್ಲ ಅಲ್ವಾ. ಇರ್ಬಹುದು ಸಾರ್, ನಿದ್ದೆ ಇರ್ಲಿಲ್ಲ" ಅಂದರು. ಅಷ್ಟೇ ಅವರು ಆಡಿದ ಮಾತು. ಆ ಪುಸ್ತಕವನ್ನು ಮೇಜಿನ ಮೇಲಿಂದ ಎತ್ತಿ ಇನ್ನೊಮ್ಮೆ ನೋಡೋಣ ಅನ್ನುವ ಬುದ್ಧಿ ಅವರಿಗೂ ಬರಲಿಲ್ಲ, ನನ್ನ ಮೇಲೆ ಅಷ್ಟು ನಂಬಿಕೆ. ನನಗೂ ಬರಲಿಲ್ಲ, ನನ್ನ ಮೇಲೆ ನನಗೇ ಅಷ್ಟು ನಂಬಿಕೆ.

ಮೂರನೇ ರಾತ್ರಿಯ ಚಿತ್ರಗಳನ್ನು ಕೆಂಪು ಗೆರೆ ಎಳೆದು ಹೊಡೆದುಹಾಕಿದರು. ಎರಡು ರಾತ್ರಿಯ ಲೆಕ್ಕದಿಂದ ನಾನೂರು ದಿನ ಎಂದು ಕಲ್ಲುಗಳ ಪಟ್ಟಿ ಇಡುವವರಿಗೆ ಬರೆದು ಕಳಿಸಿದೆವು. ಬಾಬಾಜಾನ್ ಅವರನ್ನು ದುರ್ಬೀನಿನಿಂದ ತೆಗೆದು ನೀರಿನ ಪಂಪು ನೋಡಿಕೊಳ್ಳಲು ಹಾಕಿದರು. ಎರಡು ತಿಂಗಳು ಬಂದರು. ಆಮೇಲೆ ಬರಲಿಲ್ಲ. ದಿನಗೂಲಿಯವರು ಬರದೆ ಇದ್ದರೆ ಯಾಕೆ ಅಂತ ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಒಂದು ವರ್ಷದ ಮೇಲೆ ಮುಳಬಾಗಿಲಿನಲ್ಲಿ ಅವರ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿ ಕಂಡಿತು. ವಿಚಾರಿಸಿದರೆ, "ಅವ್ರು ಗಡಿಯಾರ ಮುಟ್ಟಲ್ಲ ಅಂತ ಬಿಟ್ಬಿಟ್ರು ಸಾರ್. ನಂಗಲಿ ಹೈವೇ ಹತ್ರ ಲಾರಿ ಟೈರ್‌ಗೆ ಪಂಚರ್ ಹಾಕ್ತಾರೆ" ಅಂದರು. ಮೊಬೈಲ್ ಬಂದ ಮೇಲೆ ಗಡಿಯಾರ ಯಾರು ರಿಪೇರಿ ಮಾಡಿಸುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಸ್ಸು ಹತ್ತಿದೆ. ಅದು ಸುಳ್ಳು ಅಂತ ಆವತ್ತೇ ಗೊತ್ತಿತ್ತು.

ನಡುವಿನ ಹನ್ನೊಂದು ವರ್ಷಗಳ ಬಗ್ಗೆ ಬರೆಯುವುದು ಹೆಚ್ಚಿಲ್ಲ. ಚುಕ್ಕೆ ಹುಡುಕುವ ಕೆಲಸ ಕಂಪ್ಯೂಟರಿಗೆ ಹೋಯಿತು. ಕೋಲಾರದಿಂದ ಗಡಿಯವರೆಗೂ ಹೆದ್ದಾರಿಗೆ ಬಿಳಿ ದೀಪಗಳು ಬಂದು, ಪೂರ್ವದ ಆಕಾಶ ಹಾಲು ಚೆಲ್ಲಿದ ಹಾಗಾಯಿತು. ಬೇರೆ ದೇಶಗಳಲ್ಲಿ ಇಡೀ ಆಕಾಶವನ್ನು ಗುಡಿಸುವ ಯಂತ್ರಗಳು ಬಂದವು. ನಮ್ಮ ಬೆಟ್ಟಕ್ಕೆ ಶಾಲಾ ಮಕ್ಕಳ ಪ್ರವಾಸ ಬರುವುದೇ ಮುಖ್ಯ ಕೆಲಸವಾಯಿತು. ನಾನು ಮಾತ್ರ ದಿನ ಎಣಿಸುತ್ತಿದ್ದೆ. ನಿವೃತ್ತಿಗೆ ಮೊದಲು ಫಲ್ಲಿ ವಾಪಸ್ ಬರುತ್ತದೆ, ಅದನ್ನು ಹಿಡಿದು, ಬಾಬಾಜಾನ್ ಅವರನ್ನು ಬೆಟ್ಟಕ್ಕೆ ಕರೆಸಿ, ನಿಮ್ಮ ಕಲ್ಲು ನೋಡಿ ಅಂತ ತೋರಿಸುವುದು ನನ್ನ ಆಸೆ. ಅವರ ತಪ್ಪನ್ನು ನಾನು ದೊಡ್ಡ ಮನಸ್ಸಿನಿಂದ ಮರೆತ ಹಾಗೆ ನಡೆದುಕೊಳ್ಳಬೇಕೆಂದೂ ಯೋಚಿಸಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಲೆಕ್ಕದ ಪ್ರಕಾರ ಬರಬೇಕಾದ ತಿಂಗಳು ಬಂತು. ಹೇಳಿದ ಜಾಗದಲ್ಲಿ ಕಲ್ಲಿಲ್ಲ. ಅದರ ಆಚೆ ಹುಡುಕಿಸಿದೆ, ಈಚೆ ಹುಡುಕಿಸಿದೆ. ಎರಡು ತಿಂಗಳು ಕಳೆಯಿತು. ಹುಡುಗರು ಬೇಸತ್ತು, ಸಾರ್ ಬಿಟ್ಬಿಡಿ ಅಂದರು. ಬೇರೆ ದಾರಿ ಕಾಣದೆ ಒಂದು ಬೆಳಿಗ್ಗೆ ಉಗ್ರಾಣದಿಂದ ಆ ಹಳೆಯ ದಾಖಲೆ ಪುಸ್ತಕ ತೆಗೆಸಿದೆ. ಗೆದ್ದಲು ಅಂಚು ತಿಂದಿತ್ತು. ಮೂರನೇ ರಾತ್ರಿಯ ಪುಟ. ಕೆಂಪು ಗೆರೆಯ ಕೆಳಗೆ ಬಾಬಾಜಾನ್ ಅವರ ಗುಂಡನೆಯ ಕನ್ನಡ ಅಕ್ಷರ. ಈಗ ವಯಸ್ಸಾದ ಕಣ್ಣು, ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದಬೇಕಾಗಿತ್ತು. ಹಾಗೆ ಓದುತ್ತಾ ಷರಾ ಅಂಕಣಕ್ಕೂ ಬಂದೆ.

'ಬಾಗಿಲು ನಾಲ್ಕು ನಿಮಿಷ. ಸಾರ್ ರೂಢಿ ಮೇಲೆ ಒಂದೇ ನಿಮಿಷ ಸೇರಿಸಿಬಿಟ್ಟಾರು ಅಂತ, ಮಧ್ಯದ ವೇಳೆ ನಾನೇ ಲೆಕ್ಕ ಹಾಕಿ ಬರೆದಿದ್ದೇನೆ. ಇನ್ನೇನೂ ಸೇರಿಸಬೇಡಿ.'

ನನ್ನ ತಪ್ಪು ಆಗದಿರಲಿ ಎಂದು ಅವರು ನನ್ನ ಕೆಲಸವನ್ನೂ ಮಾಡಿಟ್ಟು ಮಲಗಿದ್ದರು. ನಾನು ಅದರ ಮೇಲೆ ಇನ್ನೆರಡು ನಿಮಿಷ ಹೇರಿದ್ದೆ. ಆ ಎರಡು ನಿಮಿಷ ತೆಗೆದು ಲೆಕ್ಕ ಹಾಕಿದರೆ ಮೂರೂ ರಾತ್ರಿ ಒಂದೇ ದಾರಿಯಲ್ಲಿ ಕೂತವು. ವ್ಯತ್ಯಾಸ ಕೂದಲೆಳೆಯಷ್ಟೇ, ನಿಜವಾಗಿ ಅಳೆದರೆ ಬರುವಷ್ಟು. ಸುತ್ತಿಗೆ ನಾನೂರು ದಿನವಲ್ಲ, ನಾನೂರ ಮೂರು. ಕಲ್ಲು ನಾವು ಅಂದುಕೊಂಡದ್ದಕ್ಕಿಂತ ನಿಧಾನ, ಹಾಗಾಗಿ ಭೂಮಿ ಅದನ್ನು ಬೇಗ ಹಿಂದಿಕ್ಕಿತ್ತು. ನಾವು ಹುಡುಕಲು ಶುರು ಮಾಡುವ ಹತ್ತು ತಿಂಗಳ ಮೊದಲೇ ಫಲ್ಲಿ ಬಂದು ಹೋಗಿತ್ತು. ಆಕಾಶ ಗುಡಿಸುವ ಯಂತ್ರಗಳ ಹಳೆಯ ಚಿತ್ರಗಳಲ್ಲೂ ಹುಡುಕಿದೆ. ಅದು ಸೂರ್ಯನ ದಿಕ್ಕಿನಿಂದ, ಹಗಲಿನ ಆಕಾಶದಲ್ಲೇ ಹಾದುಹೋಗಿತ್ತು. ಯಾರಿಗೂ ಕಂಡಿಲ್ಲ.

ಆವತ್ತೇ ನಂಗಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿತ್ತು, ಈಗ ಯಾಕೆ ಈ ರಂಪ ಅನ್ನಿಸಿತು. ಪುಸ್ತಕ ಮುಚ್ಚಿ ಉಗ್ರಾಣಕ್ಕೆ ಕಳಿಸಿದೆ. ಬೀಳ್ಕೊಡುಗೆಯಲ್ಲಿ ನನ್ನ ಲೆಕ್ಕದ ನಿಖರತೆ ಬಗ್ಗೆ ಮೂವರು ಭಾಷಣ ಮಾಡಿದರು. ನಾನು ಹಾರ ಹಾಕಿಕೊಂಡು ಕೂತು ಕೇಳಿದೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ನೀಚ ಕೆಲಸ ಯಾವುದು ಅಂದರೆ, ಎರಡು ನಿಮಿಷ ಸೇರಿಸಿದ್ದಲ್ಲ, ಆ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದದ್ದು.

ನಿವೃತ್ತಿಯಾಗಿ ಒಂದು ತಿಂಗಳಿಗೆ, ಮಧ್ಯಾಹ್ನದ ಬಸ್ಸಿಗೆ ನಂಗಲಿಗೆ ಹೋದೆ. ಜೇಬಿನಲ್ಲಿ ಆ ಪುಟದ ಜೆರಾಕ್ಸ್ ಪ್ರತಿ. ಹೆದ್ದಾರಿ ಪಕ್ಕ ತಗಡಿನ ಶೆಡ್ಡು, ಟೊಮೇಟೊ ತುಂಬಿದ ಲಾರಿಯ ಚಕ್ರ ಬಿಚ್ಚಿಕೊಂಡು ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ತಕ್ಷಣ ಗುರುತು ಹಿಡಿದರು.

"ಬನ್ನಿ ಬನ್ನಿ ಮುನಿರಾಜು ಸಾರ್. ಬೈಠಿಯೆ. ಚಾಯ್ ತರಿಸ್ತೀನಿ."

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಪ್ರತಿ ಕೊಟ್ಟೆ. ಅವರು ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು ಓದಿದರು.

"ನನ್ನ ಬರವಣಿಗೇನೆ," ಅಂದರು.

"ನೀವು ಬರ್ದಿದ್ದು ಸರಿಯಾಗೇ ಇತ್ತು ಬಾಬಾಜಾನ್. ನಾನು ಓದ್ಲಿಲ್ಲ. ಎರಡು ನಿಮಿಷ ಜಾಸ್ತಿ ಸೇರಿಸ್ದೆ. ತಪ್ಪೆಲ್ಲಾ ನನ್ದು."

ಅವರು ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ, "ನನ್ನ ಮಗಳು ಫೋನ್ ಮಾಡಿದ್ಲಾ ನಿಮಗೆ?" ಅಂದರು.

"ಇಲ್ಲ. ಯಾಕೆ?"

"ನಮ್ಮ ಅಬ್ಬಾ ಇನ್ನೂ ಅದನ್ನೇ ಮನಸ್ಸಿಗೆ ಹಚ್ಕೊಂಡವ್ರೆ ಅಂತ ಎಲ್ಲರ ಹತ್ರ ಹೇಳ್ತಾಳೆ. ನೀವು ಒಳ್ಳೆ ಮನುಷ್ಯ ಸಾರ್. ಸಮಾಧಾನ ಹೇಳೋಕೆ ಅಷ್ಟು ದೂರದಿಂದ ಬಂದ್ರಿ."

"ಸಮಾಧಾನ ಅಲ್ಲ. ಲೆಕ್ಕ ಹಾಕಿ ನೋಡಿದೀನಿ. ಮೂರು ರಾತ್ರೀನೂ ಕೂಡುತ್ತೆ."

"ಆವತ್ತೂ ಲೆಕ್ಕಾನೇ ಅಲ್ವಾ ಸಾರ್ ನೀವು ಹೇಳಿದ್ದು."

ಅವರು ಕೋಪದಿಂದ ಹೇಳಿದ್ದಲ್ಲ. ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು. "ಮಧ್ಯದ ಟೈಮ್ ಅಂತ ಬರ್ದಿದೀನಿ, ಸರಿ. ಆ ಟೈಮೇ ಸರಿ ನೋಡಿದ್ನೋ ಇಲ್ವೋ ಯಾರಿಗ್ಗೊತ್ತು? ಐದು ದಿನ ನಿದ್ದೆ ಇರ್ಲಿಲ್ಲ. ಫಲ್ಲಿ ಸಿಕ್ತಾ?"

"ಇಲ್ಲ. ನಾವು ಹುಡುಕೋ ಮೊದಲೇ ಹೋಗ್ಬಿಟ್ಟಿತ್ತು."

"ಸೀತಾಪತಿ ಸಾರ್ ಏನಂತಿದ್ರು?"

ಏನಂತಿದ್ದರು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಹೇಳಿದ ಜಾಗದಲ್ಲಿ ಮತ್ತೆ ಸಿಕ್ಕಿದರೆ ಮಾತ್ರ ಸಿಕ್ಕಿತು ಅನ್ನಬೇಕು. ಬಾಬಾಜಾನ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿನಲ್ಲೇ ವಾಪಸ್ ಇಟ್ಟರು. ನಾನು ಹೋಗಿದ್ದು ಕ್ಷಮೆ ಕೇಳಲು. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. ನಂಬುವುದೇ ಇಲ್ಲ ಎಂದು ನಾನು ಎಣಿಸಿರಲಿಲ್ಲ. ಅವರ ಪರವಾಗಿ ಸಾಕ್ಷಿ ಹೇಳಬಲ್ಲದ್ದು ಆ ಕಲ್ಲು ಒಂದೇ, ಅದನ್ನು ನಾನೇ ಕಳೆದಿದ್ದೆ.

ಹೊಸಬರಾದ ನೀವಿಬ್ಬರೂ ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ ಇದೆ. ಫಲ್ಲಿ ಮತ್ತೆ ನಮ್ಮ ಪಕ್ಕಕ್ಕೆ ಬರಲು ಇನ್ನು ಸುಮಾರು ಒಂಬತ್ತು ವರ್ಷ. ಈ ಸಲ ಇನ್ನಷ್ಟು ದೂರದಲ್ಲಿ ಹಾದುಹೋಗುತ್ತದೆ, ನಮ್ಮ ಬೆಟ್ಟದ ದುರ್ಬೀನಿಗೆ, ಆ ಹೆದ್ದಾರಿ ದೀಪಗಳ ನಡುವೆ, ಕಾಣುವುದಿಲ್ಲ. ಬೇರೆ ದೇಶದ ಯಾವುದಾದರೂ ಯಂತ್ರಕ್ಕೆ ಸಿಕ್ಕರೆ ಹೊಸ ಕಲ್ಲು ಎಂದು ಬರೆದುಕೊಳ್ಳುತ್ತಾರೆ. ಸುತ್ತಿಗೆ ನಾನೂರ ಮೂರು ದಿನ, ಹನ್ನೊಂದು ನಿಮಿಷಕ್ಕೊಮ್ಮೆ ಉರುಳುವುದು ಯಾವುದಾದರೂ ಕಂಡರೆ ಅದರ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿ, ನಮ್ಮ ಆ ಮೂರನೇ ರಾತ್ರಿಗೆ ತಂದು ನೋಡಿ. ಕೂಡಿದರೆ ಒಬ್ಬರು ನಂಗಲಿಗೆ ಹೋಗಿ ಹೇಳಿ. ಆಗ ಅವರಿಗೆ ಎಪ್ಪತ್ತಾರು ಆಗಿರುತ್ತದೆ. ಸಿಗುತ್ತದೆ ಅಂತ ನನಗೆ ನಂಬಿಕೆಯಿಲ್ಲ. ಸಿಗುವ ಹೊತ್ತಿಗೆ ಅವರು ಇರುತ್ತಾರೆ ಎಂಬ ನಂಬಿಕೆ ಅದಕ್ಕಿಂತ ಕಡಿಮೆ. ಆದರೂ ನೋಡಿ. ಮತ್ತೆ, ಷರಾ ಅಂಕಣ ಓದಿ. ಸಕ್ಕರೆ ಮುಗಿದದ್ದನ್ನೂ ಓದಿ.

ಆ ಮಧ್ಯಾಹ್ನದ್ದು ಇನ್ನೊಂದಿಷ್ಟು ಉಳಿದಿದೆ. ಚಾಯ್ ಬಂತು, ಕುಡಿದೆವು. ಅವರು ಚಕ್ರ ಕೂರಿಸಿ ನಟ್ಟು ಬಿಗಿದರು, ಕೈ ಮೊದಲಿನ ಹಾಗೇ ಚುರುಕು. ಲಾರಿಯವನು ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಹಾಕಿ, "ತಾತಾ, ಟೈಮ್ ಎಂತಾಯಿಂದಿ?" ಅಂತ ಕೂಗಿದ. ಬಾಬಾಜಾನ್ ತಲೆ ತಗ್ಗಿಸಿದರು. ಹಳೆಯ ಅಭ್ಯಾಸ, ಅರೆಕ್ಷಣ ಕಣ್ಣು ಮುಚ್ಚಿದ್ದನ್ನೂ ನಾನು ನೋಡಿದೆ. ತುಟಿ ಅಲುಗಿತು. ಆಮೇಲೆ ತಲೆ ಮೇಲೆತ್ತಿ ನನ್ನ ಕಡೆ ಕೈ ತೋರಿಸಿ, "ನನ್ನ ಕೇಳ್ಬೇಡಪ್ಪಾ. ಸಾರ್‌ನ ಕೇಳು, ಅವ್ರು ಸರಿಯಾಗಿ ಹೇಳ್ತಾರೆ" ಅಂದರು.

ನಾನು ಗಡಿಯಾರ ನೋಡಿ ನಾಲ್ಕೂ ಹತ್ತು ಅಂದೆ.